ಕಾರಿನೊಳಗಿನ ತಂಪು



ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಿ. ಮದುವೆಯ ಊಟ ಮುಗಿಸಿ, ಛತ್ರದ ಎದುರು ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆಯುತ್ತೀರಿ. ಒಳಗಿನ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಸೀಟು ಮುಟ್ಟಲಾಗದು. ಸೀಟ್ ಬೆಲ್ಟಿನ ಲೋಹದ ಕೊಕ್ಕೆ ಕೈ ಸುಡುತ್ತದೆ. "ಬೇಗ ಏಸಿ ಹಾಕಪ್ಪಾ" ಎಂದು ಎಲ್ಲರೂ ಅವಸರ ಮಾಡುತ್ತಾರೆ. ಹದಿನೈದು ನಿಮಿಷ ಕಳೆಯುವುದರೊಳಗೆ ಹಿಂದಿನ ಸೀಟಿನ ಅಜ್ಜಿ ಸೆರಗು ಹೊದ್ದುಕೊಂಡು "ಚಳಿ ಆಗ್ತಿದೆ, ಸ್ವಲ್ಪ ಕಡಿಮೆ ಮಾಡೋ" ಎನ್ನುತ್ತಾರೆ. ಇದೇ ಹದಿನೈದು ನಿಮಿಷಗಳಲ್ಲಿ ನಿಮ್ಮ ಭೌತಶಾಸ್ತ್ರ ಪುಸ್ತಕದ ಎರಡು ಮೂರು ಅಧ್ಯಾಯಗಳು ಆ ಕಾರಿನೊಳಗೆ ನಡೆದುಹೋಗಿರುತ್ತವೆ. ಅವುಗಳನ್ನು ಇಂದು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲ ಪ್ರಶ್ನೆ: ನೆರಳಿನಲ್ಲಿ 35 ಡಿಗ್ರಿ ಇರುವಾಗ ಮುಚ್ಚಿದ ಕಾರಿನೊಳಗೆ ಅದಕ್ಕಿಂತ ಅಷ್ಟೊಂದು ಹೆಚ್ಚು ಬಿಸಿ ಏಕೆ? ಗಾಜು ಸೂರ್ಯನ ಬೆಳಕನ್ನು ಸುಲಭವಾಗಿ ಒಳಕ್ಕೆ ಬಿಡುತ್ತದೆ. ಆ ಬೆಳಕನ್ನು ಹೀರಿದ ಡ್ಯಾಶ್‌ಬೋರ್ಡು ಮತ್ತು ಸೀಟುಗಳು ಕಾದು, ದೀರ್ಘ ತರಂಗದ ಅವಗೆಂಪು ಕಿರಣಗಳನ್ನು ಹೊರಸೂಸುತ್ತವೆ. ಇವು ಗಾಜನ್ನು ದಾಟಲಾರವು. ಕಾದ ಗಾಳಿಗೂ ಮೇಲೇರಿ ಹೊರಹೋಗಲು ದಾರಿಯಿಲ್ಲ. ಹೀಗಾಗಿ ಬಂದ ಶಾಖವೆಲ್ಲ ಒಳಗೇ ಉಳಿಯುತ್ತದೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಸೆಲ್ಸಿಯಸ್ ಡಿಗ್ರಿಗಳಷ್ಟು ಏರಿತ್ತು. ಆ ಏರಿಕೆಯಲ್ಲಿ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಈ ಸಂಖ್ಯೆಗಳನ್ನು ನೆನಪಿನಲ್ಲಿಡಿ. ಭಾಷಣದ ಕೊನೆಯಲ್ಲಿ ಮತ್ತೆ ಬೇಕಾಗುತ್ತವೆ.

ಇನ್ನು ತಂಪಿನ ವಿಚಾರ. ಮನೆಯ ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದು ಹೇಗೆಂದು ನಿಮಗೆ ಗೊತ್ತು. ಸಣ್ಣ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ, ಅದಕ್ಕೆ ಬೇಕಾದ ಶಾಖವನ್ನು ಹೂಜಿಯಿಂದಲೇ ಎಳೆದುಕೊಳ್ಳುತ್ತದೆ. ಚುಚ್ಚುಮದ್ದು ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗೆನಿಸುವುದೂ ಇದೇ ಕಾರಣಕ್ಕೆ. ದ್ರವವು ಆವಿಯಾಗಲು ಹೀರುವ ಈ ಶಾಖವೇ ಗುಪ್ತೋಷ್ಣ. ಈಗ ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ನಾಲ್ಕಾರು ಬಾರಿ ಜೋರಾಗಿ ಒತ್ತಿದರೆ ಅದರ ತುದಿ ಬಿಸಿಯಾಗುತ್ತದೆ. ಅನಿಲವನ್ನು ಅದುಮಿದರೆ ಅದು ಬಿಸಿಯಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹೂಜಿಯನ್ನೂ ಸೈಕಲ್ ಪಂಪನ್ನೂ ಒಟ್ಟಿಗೆ ಸೇರಿಸಿದರೆ ಕಾರಿನ ಏಸಿ ಸಿದ್ಧ.

ವ್ಯತ್ಯಾಸ ಇಷ್ಟೇ: ಹೂಜಿಯ ನೀರು ಆವಿಯಾಗಿ ಗಾಳಿಯಲ್ಲಿ ಸೇರಿಹೋಗುತ್ತದೆ. ಕಾರಿನಲ್ಲಿ ಆವಿಯಾಗುವ ವಸ್ತು ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತ ಮತ್ತೆ ಮತ್ತೆ ದ್ರವವಾಗುತ್ತದೆ. ಇದನ್ನು ಶೈತ್ಯಕಾರಕ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಇದರ ಹೆಸರು ಬರೀ "ಗ್ಯಾಸು". ಬಹಳಷ್ಟು ಕಾರುಗಳಲ್ಲಿರುವುದು ಆರ್-134ಎ ಎಂಬ ಶೈತ್ಯಕಾರಕ. ಸಾಮಾನ್ಯ ವಾಯುಭಾರದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಆದರೆ ಒತ್ತಡ ಹೆಚ್ಚಿಸಿದಷ್ಟೂ ಅದರ ಕುದಿಯುವ ಬಿಂದು ಮೇಲೇರುತ್ತದೆ. ಈ ಒಂದು ಗುಣದ ಮೇಲೆ ಇಡೀ ಯಂತ್ರ ನಿಂತಿದೆ.

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಅನಿಲವನ್ನು ಅದುಮುತ್ತದೆ. ಒತ್ತಡವು ವಾಯುಭಾರದ ಸುಮಾರು 13 ಪಟ್ಟು ಏರಿದಾಗ ಅದು 50 ಡಿಗ್ರಿಯಲ್ಲೇ ದ್ರವವಾಗಲು ಸಿದ್ಧವಾಗಿರುತ್ತದೆ. ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ಜಾಲರಿಯಂತಹ ಒಂದು ಭಾಗವಿದೆ. ಅದೇ ಕಂಡೆನ್ಸರ್. ಬಿಸಿ ಅನಿಲ ಅಲ್ಲಿಗೆ ಬಂದು, ಹೊರಗಿನ ಗಾಳಿಗೆ ಶಾಖವನ್ನು ಕೊಟ್ಟು ದ್ರವವಾಗುತ್ತದೆ. ಹೊರಗೆ 40 ಡಿಗ್ರಿ ಬಿಸಿಲಿದ್ದರೂ 50 ಡಿಗ್ರಿಯ ವಸ್ತುವಿಗೆ ಅದು ತಂಪೇ ಅಲ್ಲವೆ? ಮುಂದೆ ಈ ದ್ರವ ಒಂದು ಕಿರಿದಾದ ಕವಾಟವನ್ನು ದಾಟುತ್ತದೆ. ಅಲ್ಲಿ ಒತ್ತಡ ಥಟ್ಟನೆ ಇಳಿದು ವಾಯುಭಾರದ ಮೂರು ಪಟ್ಟಿನ ಆಸುಪಾಸಿಗೆ ಬರುತ್ತದೆ. ಆ ಒತ್ತಡದಲ್ಲಿ ಅದು ಸೊನ್ನೆ ಡಿಗ್ರಿಯ ಹತ್ತಿರವೇ ಕುದಿಯತೊಡಗುತ್ತದೆ. ಈ ಕುದಿತ ನಡೆಯುವುದು ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ. ಕುದಿಯಲು ಬೇಕಾದ ಶಾಖ ಎಲ್ಲಿಂದ ಬರಬೇಕು? ಕಾರಿನೊಳಗಿನ ಗಾಳಿಯಿಂದ. ಬ್ಲೋವರ್ ಆ ಕಾಯಿಲಿನ ಮೇಲೆ ಗಾಳಿ ಊದುತ್ತದೆ. ಗಾಳಿ ಶಾಖ ಕಳೆದುಕೊಂಡು ತಣ್ಣಗಾಗಿ ನಿಮ್ಮ ಮುಖಕ್ಕೆ ಬೀಸುತ್ತದೆ. ಆವಿಯಾದ ಶೈತ್ಯಕಾರಕ ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುವುದೇ ಏಸಿಯ ಕೆಲಸ. ಈ ಹೊರೆ ಹೊರುವ ಕೂಲಿಯನ್ನು ಎಂಜಿನ್ ಕೊಡುತ್ತದೆ, ಅಂದರೆ ಪೆಟ್ರೋಲ್ ಅಥವಾ ಡೀಸೆಲ್ ಕೊಡುತ್ತದೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿ ಕೊಡುತ್ತದೆ.

ಮಳೆಗಾಲದಲ್ಲಿ ಏಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಗಾಬರಿಯಾದವರಿದ್ದಾರೆ. ಅದು ಸೋರಿಕೆಯಲ್ಲ. ಐಸ್ ನೀರಿನ ಲೋಟದ ಹೊರಮೈ ಬೆವರುವ ಹಾಗೆ, ತಣ್ಣಗಿನ ಕಾಯಿಲಿನ ಮೇಲೆ ಗಾಳಿಯ ತೇವಾಂಶ ಹನಿಗಟ್ಟುತ್ತದೆ. ಒಂದು ಸಣ್ಣ ಕೊಳವೆಯ ಮೂಲಕ ಆ ನೀರು ಕೆಳಗಿಳಿಯುತ್ತದೆ. ಎಂದರೆ ಏಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಒಣಗಿಸುತ್ತದೆ ಕೂಡ. ಇತಿಹಾಸದಲ್ಲಿ ಒಣಗಿಸುವ ಕೆಲಸವೇ ಮೊದಲು ಬಂದದ್ದು. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಹವಾನಿಯಂತ್ರಣ ವ್ಯವಸ್ಥೆ ರೂಪಿಸಿದರು. ಅಲ್ಲಿ ತೇವಾಂಶದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸರಿಯಾಗಿ ಕೂಡುತ್ತಿರಲಿಲ್ಲ. ಕಾರಿಗೆ ಈ ಸೌಲಭ್ಯ ಬಂದದ್ದು ಬಹಳ ತಡವಾಗಿ. 1939ರಲ್ಲಿ ಪ್ಯಾಕಾರ್ಡ್ ಕಂಪನಿ ತನ್ನ 1940ರ ಮಾದರಿಯಲ್ಲಿ ಇದನ್ನು ತೋರಿಸಿತು. ಅದರ ತಂಪು ಮಾಡುವ ಭಾಗ ಹಿಂದಿನ ಡಿಕ್ಕಿಯ ಜಾಗವನ್ನು ನುಂಗಿತ್ತು. ಕಂಪ್ರೆಸರನ್ನು ನಿಲ್ಲಿಸಬೇಕಾದರೆ ಇಳಿದು, ಬಾನೆಟ್ ತೆಗೆದು, ಬೆಲ್ಟ್ ಕಳಚಬೇಕಿತ್ತು!

ಅಲ್ಲಿಂದ ನಾವು ಬಹಳ ದೂರ ಬಂದಿದ್ದೇವೆ. ಇಂದಿನ ಎಷ್ಟೋ ಕಾರುಗಳಲ್ಲಿ "24 ಡಿಗ್ರಿ" ಎಂದು ಅಂಕಿ ಒತ್ತಿ ಸುಮ್ಮನಿರಬಹುದು. ಇದು ಸ್ವಯಂಚಾಲಿತ ಹವಾನಿಯಂತ್ರಣ. ಒಳಗಿನ ಮತ್ತು ಹೊರಗಿನ ಉಷ್ಣತೆಯನ್ನು ಅಳೆಯುವ ಸಂವೇದಕಗಳು ಇದರಲ್ಲಿವೆ. ಹಲವು ಕಾರುಗಳಲ್ಲಿ ಬಿಸಿಲಿನ ತೀವ್ರತೆಯನ್ನು ಅಳೆಯುವ ಗುಂಡಿಯಂತಹ ಸಂವೇದಕವೊಂದು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿ ಇರುತ್ತದೆ. ಇವು ಕೊಡುವ ಸುದ್ದಿಯ ಮೇಲೆ ಒಂದು ಸಣ್ಣ ಕಂಪ್ಯೂಟರು ಬ್ಲೋವರಿನ ವೇಗವನ್ನೂ ತಣ್ಣನೆಯ ಗಾಳಿಗೆ ಬಿಸಿಗಾಳಿ ಬೆರೆಸುವ ಕದವನ್ನೂ ಹೊಂದಿಸುತ್ತದೆ. ಬಿಸಿಗಾಳಿಗೆ ಪ್ರತ್ಯೇಕ ಒಲೆ ಬೇಕಿಲ್ಲ. ಎಂಜಿನ್ನನ್ನು ತಣಿಸಿ ಬರುವ ಬಿಸಿನೀರೇ ಸಾಕು. ಆ ಸಂವೇದಕದ ಮೇಲೆ ಗಣಪತಿಯ ವಿಗ್ರಹವನ್ನೋ ಹೂವಿನ ಹಾರವನ್ನೋ ಟವೆಲನ್ನೋ ಇಟ್ಟರೆ ಕಂಪ್ಯೂಟರಿಗೆ ಮಧ್ಯಾಹ್ನವೂ ಮುಸ್ಸಂಜೆಯಂತೆ ಕಾಣುತ್ತದೆ. ದೇವರನ್ನು ನಾಲ್ಕು ಬೆರಳು ಪಕ್ಕಕ್ಕೆ ಕೂರಿಸಿದರೆ ಇಬ್ಬರಿಗೂ ಅನುಕೂಲ.

ಈಗ ಬಳಸುವ ಕ್ರಮಕ್ಕೆ ಬರೋಣ. ಬಿಸಿಲಿನಲ್ಲಿ ನಿಂತ ಕಾರನ್ನು ಹತ್ತಿದ ಕೂಡಲೇ ಕಿಟಕಿ ಮುಚ್ಚಿ ಏಸಿ ಹಾಕುವುದು ಜಾಣತನವಲ್ಲ. ಹೊರಗಿನ ಗಾಳಿ 35 ಡಿಗ್ರಿ, ಒಳಗಿನದು 55 ಡಿಗ್ರಿ ಇರುವಾಗ, ಆ 55 ಡಿಗ್ರಿಯ ಗಾಳಿಯನ್ನೇ ತಣಿಸುತ್ತ ಏಕೆ ಕೂರಬೇಕು? ಬಾಗಿಲುಗಳನ್ನು ಒಂದು ನಿಮಿಷ ತೆರೆದಿಡಿ. ಕಿಟಕಿ ಇಳಿಸಿಕೊಂಡೇ ಸ್ವಲ್ಪ ದೂರ ಹೋಗಿ. ಬಿಸಿಗಾಳಿ ಹೊರಹೋದ ಮೇಲೆ ಕಿಟಕಿ ಏರಿಸಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಗುಂಡಿ ಒತ್ತಿ. ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರುವ ಗುಂಡಿ ಅದು. ಒಮ್ಮೆ ತಣಿದ ಗಾಳಿಯನ್ನೇ ಮತ್ತೆ ತಣಿಸುವುದು ಸುಲಭ. ಆದರೆ ಅದನ್ನು ಗಂಟೆಗಟ್ಟಲೆ ಹಾಗೆಯೇ ಬಿಡಬೇಡಿ. ಐದು ಜನ ಉಸಿರಾಡುವ ಮುಚ್ಚಿದ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗಿ ತಲೆ ಭಾರವಾಗುತ್ತದೆ, ತೂಕಡಿಕೆ ಬರುತ್ತದೆ. ಹೆದ್ದಾರಿಯಲ್ಲಿ ಚಾಲಕನಿಗೆ ತೂಕಡಿಕೆ ಬಂದರೆ ಏನಾದೀತೆಂದು ಹೇಳಬೇಕಾಗಿಲ್ಲ. ಆಗಾಗ ಹೊರಗಿನ ಗಾಳಿಗೆ ದಾರಿ ಕೊಡಿ. ಬಿಸಿಗಾಳಿ ಮೇಲೇರುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಆದ್ದರಿಂದ ಗಾಳಿಯ ಕಿಂಡಿಗಳನ್ನು ತುಸು ಮೇಲ್ಮುಖವಾಗಿ ತಿರುಗಿಸಿದರೆ ಹಿಂದೆ ಕೂತವರಿಗೂ ತಂಪು ತಲುಪುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ಏಸಿ ಬೇಸಗೆಗೆ ಮಾತ್ರ ಎಂಬುದು. ಜುಲೈ ತಿಂಗಳಲ್ಲಿ ಶಿರಾಡಿಯನ್ನೋ ಆಗುಂಬೆಯನ್ನೋ ಹತ್ತಿಳಿದವರನ್ನು ಕೇಳಿ ನೋಡಿ. ಹೊರಗೆ ಧೋ ಎಂದು ಮಳೆ. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ, ಒದ್ದೆ ಕೊಡೆ. ಮುಂದಿನ ಗಾಜಿನ ಒಳಮೈ ಮಂಜುಗಟ್ಟಿ ರಸ್ತೆಯೇ ಕಾಣದಂತಾಗುತ್ತದೆ. ಅನೇಕರು ಟವೆಲಿನಿಂದ ಒರೆಸುತ್ತಲೇ ಇರುತ್ತಾರೆ. ಮಳೆಯಿಂದ ತಣ್ಣಗಾದ ಗಾಜಿಗೆ ಒಳಗಿನ ತೇವದ ಗಾಳಿ ತಗುಲಿದ್ದರಿಂದ ಬಂದ ಮಂಜು ಅದು. ಗಾಳಿಯನ್ನು ಒಣಗಿಸದೆ ಎಷ್ಟು ಒರೆಸಿದರೂ ಮರಳಿ ಬರುತ್ತದೆ. ಏಸಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಮಾಡಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ. ಚಳಿಯೆನಿಸಿದರೆ ಉಷ್ಣತೆಯ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಬಹುದು. ಆಗಲೂ ಕಾಯಿಲು ಗಾಳಿಯನ್ನು ಒಣಗಿಸುತ್ತಲೇ ಇರುತ್ತದೆ. ಮಂಜು ಗಾಜಿನ ಹೊರಮೈಯಲ್ಲಿದ್ದರೆ ಸಂಗತಿ ತದ್ವಿರುದ್ಧ. ಒಳಗಿನ ತಂಪಿನಿಂದ ಗಾಜು ತಣ್ಣಗಾಗಿ, ಹೊರಗಿನ ತೇವ ಅದರ ಮೇಲೆ ಹನಿಗಟ್ಟಿದೆ ಎಂದರ್ಥ. ಆಗ ವೈಪರ್ ಹಾಕಿ, ಗಾಜಿನ ಕಡೆಗಿನ ತಂಪು ಕಡಿಮೆ ಮಾಡಿ. ಮಂಜು ಒಳಗೋ ಹೊರಗೋ ಎಂದು ತಿಳಿಯಲು ಒಂದು ಬೆರಳು ಸಾಕು.

ಆರೈಕೆಯ ವಿಷಯ ಹೇಳುವಾಗ ನನ್ನದೇ ಒಂದು ಅನುಭವ ಹೇಳಬೇಕು. ಹೊರಾಂಗಣ ಚಿತ್ರೀಕರಣಕ್ಕೆ ನಾವು ಬಳಸುತ್ತಿದ್ದ ವಾಹನದ ತಂಪು ಒಂದು ಬೇಸಗೆಯಲ್ಲಿ ಮೂರು ಬಾರಿ ಕೈಕೊಟ್ಟಿತು. ಪ್ರತಿ ಬಾರಿಯೂ ಗ್ಯಾರೇಜಿನವರು "ಗ್ಯಾಸ್ ಖಾಲಿಯಾಗಿದೆ ಸಾರ್" ಎಂದು ತುಂಬಿ, ಹಣ ಪಡೆದು ಕಳಿಸಿದರು. ವಿಜ್ಞಾನ ಓದಿದ ನಾನು ಮೂರೂ ಬಾರಿ ತಲೆಯಾಡಿಸಿದೆ. ನಾಲ್ಕನೆಯ ಬಾರಿ ರಾಯಚೂರಿನ ಬಿಸಿಲಿನಲ್ಲಿ ಕ್ಯಾಮೆರಾ ಮುಟ್ಟಲಾಗದಷ್ಟು ಬಿಸಿಯಾಗಿ ಕೆಲಸ ನಿಂತಾಗ ಹೊಳೆಯಿತು: ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ! ಮುಚ್ಚಿದ ಕೊಳವೆಗಳಲ್ಲಿ ಸುತ್ತುವುದು ಮೂರು ತಿಂಗಳಲ್ಲಿ ಖಾಲಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆಮೇಲೆ ಸಿಕ್ಕ ಒಬ್ಬ ಹಿರಿಯ ಮೆಕ್ಯಾನಿಕ್ ಅರ್ಧ ಗಂಟೆ ಹುಡುಕಿ, ಕೊಳವೆಯ ಸಂದಿನಲ್ಲಿ ಗಟ್ಟಿಯಾಗಿ ಬಿರುಕುಬಿಟ್ಟಿದ್ದ ರಬ್ಬರ್ ಉಂಗುರವನ್ನು ತೆಗೆದು ತೋರಿಸಿದರು. ಅದರ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ.

ಆದ್ದರಿಂದ ನಿಮ್ಮ ಮನೆಯವರು ಏಸಿ ರಿಪೇರಿಗೆ ಹೋದಾಗ ನೀವು ಮೂರು ಪ್ರಶ್ನೆ ಕೇಳಬಹುದು. ಒಂದು, ಸೋರಿಕೆ ಎಲ್ಲಿದೆ ಎಂದು ಹುಡುಕಿದಿರಾ? ಎರಡು, ತುಂಬುವ ಮೊದಲು ನಿರ್ವಾತ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವಾಂಶ ತೆಗೆದಿರಾ? ಒಳಗೆ ಉಳಿದ ತೇವ ಕವಾಟದಲ್ಲಿ ಹೆಪ್ಪುಗಟ್ಟಬಹುದು, ಲೋಹವನ್ನು ತಿನ್ನಬಹುದು. ಮೂರು, ತೂಕ ಮಾಡಿ ತುಂಬಿದಿರಾ? ಯಾವ ಶೈತ್ಯಕಾರಕ, ಎಷ್ಟು ಗ್ರಾಂ ಎಂಬುದನ್ನು ಸಾಮಾನ್ಯವಾಗಿ ಬಾನೆಟ್ಟಿನ ಅಡಿಯ ಚೀಟಿಯಲ್ಲಿ ಬರೆದಿರುತ್ತಾರೆ. ಹೆಚ್ಚು ತುಂಬಿದರೆ ಹೆಚ್ಚು ತಂಪಾಗುವುದಿಲ್ಲ. ಒತ್ತಡ ಏರಿ ಕಂಪ್ರೆಸರಿಗೆ ಪೆಟ್ಟಾಗುತ್ತದೆ. ಆದರೆ ತುಂಬುವ ಕೆಲಸವನ್ನು ನೀವೇ ಮಾಡಲು ಹೋಗಬೇಡಿ. ಚಿಮ್ಮುವ ದ್ರವ ಚರ್ಮವನ್ನೂ ಕಣ್ಣನ್ನೂ ಕ್ಷಣದಲ್ಲಿ ಹೆಪ್ಪುಗಟ್ಟಿಸಬಲ್ಲದು.

ಮನೆಯಲ್ಲೇ ಮಾಡಬಹುದಾದ ಆರೈಕೆ ಬೇರೆ ಇದೆ. ಗಾಳಿಯ ಫಿಲ್ಟರು ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಧೂಳಿನ ಊರುಗಳಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಬ್ಲೋವರಿನ ಸದ್ದು ಜೋರಾಗಿದ್ದು ಗಾಳಿ ಮಾತ್ರ ಸಣ್ಣಗೆ ಬರುತ್ತಿದ್ದರೆ ಮೊದಲು ಅದನ್ನು ನೋಡಿ. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಿಸಿ. ಮುಂಭಾಗದ ಕಂಡೆನ್ಸರಿನಲ್ಲಿ ಕೆಸರು, ಎಲೆ, ಸತ್ತ ಹುಳು ಸಿಕ್ಕಿಕೊಂಡಿದ್ದರೆ ಎಂಜಿನ್ ತಣ್ಣಗಿರುವಾಗ ಮೆಲುವಾಗಿ ನೀರು ಹಾಯಿಸಿ ತೊಳೆಯಿರಿ. ರಭಸದ ನೀರು ಅದರ ತೆಳುವಾದ ರೆಕ್ಕೆಗಳನ್ನು ಮಡಚುತ್ತದೆ. ಮುಂದಿನ ಎಡ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಿದ್ದರೆ ನೀರಿಳಿಯುವ ಕೊಳವೆ ಕಟ್ಟಿಕೊಂಡಿರಬಹುದು. ಏಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬರುವುದು ಒದ್ದೆ ಕಾಯಿಲಿನ ಮೇಲೆ ಬೆಳೆದ ಬೂಷ್ಟಿನಿಂದ. ಊರು ತಲುಪಲು ನಾಲ್ಕೈದು ನಿಮಿಷ ಇರುವಾಗ ಏಸಿ ಆರಿಸಿ, ಬ್ಲೋವರ್ ಮಾತ್ರ ಓಡಲು ಬಿಟ್ಟರೆ ಕಾಯಿಲು ಒಣಗುತ್ತದೆ, ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ. ಶೈತ್ಯಕಾರಕದ ಜೊತೆಯಲ್ಲೇ ಸುತ್ತುವ ಎಣ್ಣೆ ರಬ್ಬರ್ ಮುದ್ರೆಗಳನ್ನು ಒಣಗದಂತೆ ಕಾಪಾಡುತ್ತದೆ.

ಗ್ಯಾಸು ಸೋರಿದರೆ ನಷ್ಟ ನಮ್ಮ ಜೇಬಿಗೆ ಮಾತ್ರವೇ? ಅಲ್ಲ. ಮೊದಲು ಕಾರುಗಳಲ್ಲಿ ಆರ್-12 ಎಂಬ ಕ್ಲೋರೋಫ್ಲೂರೋಕಾರ್ಬನ್ ಇರುತ್ತಿತ್ತು. ಇವು ಮೇಲಿನ ವಾತಾವರಣದಲ್ಲಿ ಒಡೆದು, ಬಿಡುಗಡೆಯಾದ ಕ್ಲೋರಿನ್ ಓಝೋನನ್ನು ನಾಶ ಮಾಡುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿಕೊಟ್ಟರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ರಂಧ್ರದ ವರದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಆರ್-12ರ ಬದಲಿಗೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಓಝೋನಿಗೆ ಅಪಾಯವಿಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯಾಗಿಸುವ ಇದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಒಂದು ಸಣ್ಣ ಕಾರಿನ 400 ಗ್ರಾಂ ಗ್ಯಾಸು ಸೋರಿಹೋದರೆ ಸುಮಾರು 250 ಲೀಟರ್ ಪೆಟ್ರೋಲ್ ಉರಿಸಿದಷ್ಟು ಪರಿಣಾಮ. ಹಾಗಾಗಿಯೇ 2016ರ ಕಿಗಾಲಿ ತಿದ್ದುಪಡಿಯಲ್ಲಿ ಇಂತಹ ಅನಿಲಗಳನ್ನೂ ಕಡಿಮೆ ಮಾಡಲು ರಾಷ್ಟ್ರಗಳು ಒಪ್ಪಿದವು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ನಮ್ಮ ವಾಹನದಿಂದ ಮೂರು ಬಾರಿ ಸೋರಿಹೋದ ಗ್ಯಾಸಿನ ಲೆಕ್ಕ ಹಾಕಿದಾಗ ನನಗೆ ನಾಚಿಕೆಯಾಯಿತು.

ಕೊನೆಯದಾಗಿ, ಬಹಳ ಮುಖ್ಯವಾದ ಮಾತು. ಭಾಷಣದ ಮೊದಲಿನ ಸಂಖ್ಯೆಗಳು ನೆನಪಿವೆಯಷ್ಟೆ? ಅರ್ಧ ಗಂಟೆಯಲ್ಲಿ ಮುಚ್ಚಿದ ಕಾರು ಕುಲುಮೆಯಾಗುತ್ತದೆ. "ಐದು ನಿಮಿಷ, ಅಂಗಡಿಗೆ ಹೋಗಿ ಬರ್ತೀನಿ" ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಬಾರದು. ಮಕ್ಕಳ ಮೈ ದೊಡ್ಡವರಿಗಿಂತ ಬಹುಬೇಗ ಕಾಯುತ್ತದೆ. ಮನೆಯ ಮುಂದೆ ನಿಂತ ಕಾರನ್ನು ಬೀಗ ಹಾಕದೆ ಬಿಡಬಾರದು. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಸೇರಿ, ಬಾಗಿಲು ತೆಗೆಯಲು ಬಾರದೆ ಪ್ರಾಣ ಕಳೆದುಕೊಂಡದ್ದುಂಟು. ನಿಮ್ಮ ತಮ್ಮ ತಂಗಿಯರಿಗೆ ಒಂದು ಪಾಠ ಹೇಳಿಕೊಡಿ: ಕಾರಿನೊಳಗೆ ಸಿಕ್ಕಿಕೊಂಡರೆ ಮುಂದಿನ ಸೀಟಿಗೆ ಹೋಗಿ ಹಾರ್ನ್ ಒತ್ತುತ್ತಲೇ ಇರಬೇಕು. ಬಹುತೇಕ ಕಾರುಗಳಲ್ಲಿ ಎಂಜಿನ್ ನಿಂತಿದ್ದರೂ ಹಾರ್ನ್ ಕೂಗುತ್ತದೆ.

ಇನ್ನೊಂದು ಅಪಾಯ ನಿಂತ ಕಾರಿನಲ್ಲಿ ಎಂಜಿನ್ ಓಡಿಸಿ, ಏಸಿ ಹಾಕಿಕೊಂಡು ನಿದ್ದೆ ಮಾಡುವುದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೈಲೆನ್ಸರ್ ಕೊಳವೆ ಎಲ್ಲಾದರೂ ತೂತಾಗಿದ್ದರೆ, ಕಾರು ಮುಚ್ಚಿದ ಶೆಡ್ಡಿನಲ್ಲೋ ಗೋಡೆಗೆ ಒತ್ತಿಯೋ ನಿಂತಿದ್ದರೆ, ಈ ಅನಿಲ ಒಳಗೆ ನುಸುಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಹೀಗೆ ಮಲಗುವವರು ಹೆಚ್ಚಾಗಿ ಯಾರು? ಛತ್ರದೊಳಗೆ ನಾವು ಊಟ ಮಾಡಿ ಹರಟುತ್ತಿರುವಾಗ ಹೊರಗೆ ಕಾಯುವ ಡ್ರೈವರ್. ರಾತ್ರಿ ಪ್ರಯಾಣ ಮಾಡಿಸಿ, ಮರುದಿನ ಮತ್ತೆ ಹೊರಡಬೇಕಾದ ಡ್ರೈವರ್. ಅವರಿಗೆ ಮಲಗಲು ಒಂದು ಚಾಪೆ, ಒಂದು ಫ್ಯಾನು ಇರುವ ಜಾಗ ಕೇಳಿ ಕೊಡಿಸುವುದು ನಮ್ಮ ಕೆಲಸ. ಮನೆಯ ಹಿರಿಯರಿಗೆ ಮರೆತಿದ್ದರೆ ನೀವು ನೆನಪಿಸಿ. ನಮ್ಮ ಚಿತ್ರೀಕರಣ ತಂಡದಲ್ಲಿ ಈಗ ಇದು ನಿಯಮ: ಡ್ರೈವರಿಗೆ ಮಲಗುವ ಜಾಗ ಗೊತ್ತಾಗದೆ ನಾವು ಯಾರೂ ಮಲಗುವುದಿಲ್ಲ.

ಮುಗಿಸುವ ಮೊದಲು ಮನೆಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ. ಶಾಲೆಯಿಂದ ಎರಡು ಉಷ್ಣತಾಮಾಪಕಗಳನ್ನು ಅಧ್ಯಾಪಕರ ಅನುಮತಿಯಿಂದ ತನ್ನಿ. ಒಂದರ ಬುರುಡೆಗೆ ಒದ್ದೆ ಹತ್ತಿ ಸುತ್ತಿ, ಎರಡಕ್ಕೂ ಫ್ಯಾನಿನ ಗಾಳಿ ಬಿಡಿ. ಹತ್ತು ನಿಮಿಷದ ಮೇಲೆ ಎರಡರ ವ್ಯತ್ಯಾಸ ಬರೆದುಕೊಳ್ಳಿ. ಕಲಬುರಗಿಯ ವಿದ್ಯಾರ್ಥಿಗೆ ಬೇಸಗೆಯಲ್ಲಿ ದೊಡ್ಡ ವ್ಯತ್ಯಾಸ ಸಿಗುತ್ತದೆ. ಮಂಗಳೂರಿನ ವಿದ್ಯಾರ್ಥಿಗೆ ಸಣ್ಣದು. ಕಲಬುರಗಿಯಲ್ಲಿ ನೀರಿನ ಕೂಲರ್ ಚೆನ್ನಾಗಿ ತಂಪು ಕೊಟ್ಟು, ಮಂಗಳೂರಿನಲ್ಲಿ ಅದೇ ಕೂಲರ್ ಬರೀ ಬೆವರಿಳಿಸುವುದು ಏಕೆಂದು ಆ ಎರಡು ಅಂಕಿಗಳೇ ನಿಮಗೆ ಹೇಳುತ್ತವೆ. ಉತ್ತರ ಹೊಳೆದವರು ಮನೆಯವರಿಗೂ ವಿವರಿಸಿ ಹೇಳಿ.